ನೀಲಿ ಜೇಡಿ

ವೈನಿನ ಬಾಟಲಿಯನ್ನು ತೊಡೆಯ ಮೇಲೆ ಹೇಗಿಟ್ಟುಕೊಂಡರೂ ತಾನು ಎಲ್ಲಿಗೆ ಹೊರಟಿದ್ದೇನೆಂಬುದು ಬಸ್ಸಿನವರಿಗೆಲ್ಲ ಗೊತ್ತಾಗಿಬಿಡುತ್ತದೆ ಎಂದು ಪ್ರೊದ್ರೊಮೊಸ್‌ಗೆ ಅನ್ನಿಸಿತು. ಮಂಗಳವಾರ ಬೆಳಗ್ಗೆ ಒಂಬತ್ತು ಗಂಟೆಗೆ, ಕಪ್ಪು ಕೋಟು ತೊಟ್ಟ ಅರವತ್ತೆರಡು ವರ್ಷದ ಗಂಡಸು, ಒಂದು ಕೈಯಲ್ಲಿ ಕೆಂಪು ವೈನು, ಇನ್ನೊಂದರಲ್ಲಿ ಹೊಸ ಬಿಳಿ ಬಟ್ಟೆಯ ಪೊಟ್ಟಣ ಹಿಡಿದು ಗುಡ್ಡದ ಕಡೆಯ ಬಸ್ಸು ಹತ್ತಿದನೆಂದರೆ ಥೆಸಲೊನೀಕಿಯಲ್ಲಿ ಅದಕ್ಕೆ ಒಂದೇ ಅರ್ಥ. ಮಣ್ಣಿಗಿಟ್ಟು ಮೂರು ವರ್ಷ ತುಂಬಿದ ಯಾರನ್ನೋ ಇವತ್ತು ಮೇಲೆತ್ತುತ್ತಾರೆ. ಎಲುಬುಗಳನ್ನು ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಹರಡಿ, ಪೆಟ್ಟಿಗೆಗೆ ತುಂಬುತ್ತಾರೆ. ಖಾಲಿಯಾದ ಗುಂಡಿ ನಾಳೆ ಇನ್ನೊಬ್ಬರಿಗೆ. ಊರು ಬೆಳೆದು ಬದುಕಿರುವವರಿಗೇ ಜಾಗ ಸಾಲದಾದ ಮೇಲೆ ಸತ್ತವರಿಗೂ ಮೂರು ವರ್ಷಕ್ಕಿಂತ ಹೆಚ್ಚಿನ ವಾಯಿದೆ ಇಲ್ಲ. ಪಕ್ಕದ ಸೀಟಿನ ಹೆಂಗಸು ಬಾಟಲಿ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಯಾರು, ತಾಯಿಯವರಾ?” ಎಂದು ಕೇಳಿದಳು. “ಚಿಕ್ಕಮ್ಮ,” ಎಂದ. “ಚೆನ್ನಾಗಿ ಕರಗಿ ಬರಲಿ ಬಿಡಿ. ನಮ್ಮತ್ತೆ ಬಂದ್ರು ನೋಡಿ, ಜೇನಿನ ಬಣ್ಣದ ಎಲುಬು, ಒಂದು ಚೂರು ಮಾಂಸ ಇರಲಿಲ್ಲ. ಬದುಕಿದ್ದಾಗ ಅಷ್ಟು ಗೋಳು ಹೊಯ್ಕೊಂಡೋಳು!” ಎಂದು ಆಕೆ ನಕ್ಕಳು. ಅವನೂ ನಗಲು ನೋಡಿದ.

ಕಾರಿತ್ತು, ಕಾರಿನಲ್ಲೇ ಹೋಗಬಹುದಿತ್ತು. ಬೆಳಗ್ಗೆ ಕೀಲಿಕೈ ಹಿಡಿದು ಬಾಗಿಲತನಕ ಬಂದವನು, ಬೇಗ ತಲುಪಿಬಿಡುತ್ತೇನಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ವಾಪಸು ಮೊಳೆಗೆ ಸಿಕ್ಕಿಸಿದ್ದ. ಹೆಂಡತಿ ಥಾಲಿಯಾ ಮಂಡಿನೋವೆಂದು ಮಂಚ ಬಿಟ್ಟು ಏಳಲಿಲ್ಲ. ಈಗ ಬಸ್ಸು ಕಲಮರಿಯಾದ ಕೆಳಗಿನ ರಸ್ತೆಯಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತಿತ್ತು. ಈ ರಸ್ತೆ ಅವನ ಬಾಲ್ಯದಲ್ಲಿ ನೀರಾಗಿತ್ತು. ಔಷಧಿ ಅಂಗಡಿ ಇರುವಲ್ಲಿ ಮರದ ಕಂಬಗಳ ಮೇಲೆ ನಿಂತ ಸ್ನಾನದ ಅಟ್ಟಣಿಗೆ ಇತ್ತು, ಹೆಂಗಸರಿಗೆ ಒಂದು ಬದಿ, ಗಂಡಸರಿಗೆ ಇನ್ನೊಂದು. ಎರಡೂ ಬದಿಯ ಕಟ್ಟಡಗಳಲ್ಲಿ ತಾನು ಕಟ್ಟಿದವು ಯಾವುವೆಂದು ಕಣ್ಣು ತನ್ನಷ್ಟಕ್ಕೆ ಗುರುತು ಹಿಡಿಯುತ್ತ ಹೋಯಿತು. ಬಾಲ್ಕನಿಯ ಕಬ್ಬಿಣದ ಕಟಕಟೆಯ ವಿನ್ಯಾಸವನ್ನು ಅವನು ಮೂವತ್ತು ವರ್ಷ ಬದಲಿಸಿರಲಿಲ್ಲ. ಒಂದೊಂದರ ಅಡಿಯಲ್ಲೂ ಒಂದೊಂದು ಅಂಗಳವಿದೆ. ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ ಟರ್ಕಿಯ ದಡದಿಂದ ಓಡಿ, ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿ ಗ್ರೀಸಿಗೆ ಬಂದವರು ಮೊದಲು ಹಲಗೆ, ತಗಡು, ಆಮೇಲೆ ಹಸಿ ಇಟ್ಟಿಗೆ, ಆಮೇಲೆ ಸುಣ್ಣ ಎಂದು ನಲವತ್ತು ವರ್ಷ ಕೈಯಾರೆ ಕಟ್ಟಿಕೊಂಡ ಒಂದಂತಸ್ತಿನ ಮನೆಗಳ ಅಂಗಳ. ಅವರ ಹತ್ತಿರ ಜಾಗವಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಇವನಂಥವರು ಹೋಗಿ ಹಿಪ್ಪುನೇರಳೆಯ ಕೆಳಗೆ ಕೂತು ಕಾಫಿ ಕುಡಿದು, ಜಾಗ ನೀವು ಕೊಡಿ, ಕಟ್ಟೋದು ನಾವು, ಮೇಲೆದ್ದ ಮನೆಗಳಲ್ಲಿ ನಿಮ್ಮ ಪಾಲು ನಿಮಗೆ, ನಮ್ಮದು ನಮಗೆ ಎಂದರು. ಇಡೀ ಊರು ಹೀಗೆ ಕಾಫಿ ಕುಡಿಯುತ್ತಲೇ ಆರಂತಸ್ತು ಮೇಲೆದ್ದಿತು. ಯಾರಿಗೂ ಮೋಸವಾಗಲಿಲ್ಲ ಎಂದು ಅವನು ಎಷ್ಟೋ ಮದುವೆ ಊಟಗಳಲ್ಲಿ ಹೇಳಿದ್ದಾನೆ.

ಪೆಲಾಗಿಯಾ ಚಿಕ್ಕಮ್ಮನ ಅಂಗಳದಲ್ಲಿ ಎಣ್ಣೆಯ ಖಾಲಿ ಡಬ್ಬಗಳಲ್ಲಿ ಮಲ್ಲಿಗೆ ಇತ್ತು, ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ ಇತ್ತು. ಆ ತೊಟ್ಟಿಯ ಅಂಚಿನ ಮೇಲೆ ಕರಾರಿನ ಕಾಗದ ಬಿಡಿಸಿ ಇಟ್ಟು ಅವನು ಓದಿದ್ದು. ಅವನಿಗೆ ಮೂವತ್ತು ವರ್ಷ. ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು, ಅಮ್ಮನ ತಂಗಿಯೇ ಅಮ್ಮ. ಅವಳ ಮಗಳು ಅರೇತಿ ಜರ್ಮನಿಯ ಯಾವುದೋ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ಗಂಡ ಯುದ್ಧದ ಚಳಿಗಾಲದಲ್ಲೇ ಹೋಗಿದ್ದ. ಚಿಕ್ಕಮ್ಮ ಮನೆಯಲ್ಲಿ ಆಡುತ್ತಿದ್ದದ್ದು ಟರ್ಕಿ ಮಾತು. ಆ ದಡದಲ್ಲಿದ್ದ ನಮ್ಮ ಗ್ರೀಕರಲ್ಲಿ ಎಷ್ಟೋ ಊರುಗಳವರದು ಅದೇ ಮಾತು. ಗ್ರೀಕ್ ಮಾತು ಅಂಗಡಿಯಲ್ಲಿ ಸಾಮಾನು ಕೇಳಲು ಬೇಕಾದಷ್ಟೇ, ಅದೂ ತಡವರಿಸಿ. ಕಾಗದದಲ್ಲಿ ಬರೆದದ್ದು: ಎರಡನೇ ಮಹಡಿ, ಹಿಂಭಾಗ. ಅವನು ಓದಿದ್ದು: ನಾಲ್ಕನೇ ಮಹಡಿ, ಎದುರು ಭಾಗ, ಸಮುದ್ರದ ಕಡೆ ಬಾಲ್ಕನಿ. ನಾಲ್ಕನೇ ಮಹಡಿಯ ಎದುರು ಭಾಗವನ್ನು ಥಾಲಿಯಾಳ ಅಪ್ಪ ನಿಶ್ಚಿತಾರ್ಥಕ್ಕೆ ಮುಂಚೆಯೇ ಕೇಳಿಯಾಗಿತ್ತು, ಸಮುದ್ರ ಕಾಣದ ಮನೆಗೆ ತಾನು ಮಗಳನ್ನು ಕೊಡುವವನಲ್ಲ ಎಂದು. ಬೆರಳಿಟ್ಟುಕೊಂಡು ಓದಿದ. ಬೆರಳು ಸಾಲಿನ ಕೊನೆಗೆ ಬಂದಾಗ ಓದುವುದು ಇನ್ನೂ ಉಳಿದಿತ್ತು. ಬೆರಳನ್ನು ಅಲ್ಲೇ ನಿಲ್ಲಿಸಿ ಬಾಯಿಂದ ಮುಂದುವರಿಸಿದ. ಚಿಕ್ಕಮ್ಮ ಅವನ ಮುಖ ನೋಡಿದಳು, ಕಾಗದ ನೋಡಿದಳು. “ಓದಿದ್ದು ಮುಗೀತಾ ಮಗನೇ?” ಎಂದಳು. “ಮುಗೀತು ಚಿಕ್ಕಮ್ಮ.” “ಬೆವರ್ತಾ ಇದೀಯ. ನೀರು ಕೊಡ್ಲಾ?” ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಆ ನೀರಿನ ಲೋಟ ಅವನಿಗೆ ಇವತ್ತಿಗೂ ನೆನಪಿದೆ, ಅದರ ಅಂಚು ಸ್ವಲ್ಪ ಒಡೆದಿತ್ತು.

ಆಮೇಲೆ ಮಣ್ಣು. ಬಸ್ಸು ಗುಡ್ಡದ ತಿರುವು ಹತ್ತತೊಡಗಿದಂತೆ ಅವನು ಕಾಲು ಬಿಗಿಹಿಡಿದು ಕೂತ. ಪಾಯಕ್ಕೆ ಎಂದು ಚಿಕ್ಕಮ್ಮನ ಅಂಗಳ ಅಗೆದಾಗ ಎರಡು ಆಳಿನಷ್ಟು ಕೆಳಗೆ ಮರಳು ಮುಗಿದು ನೀಲಿ ಜೇಡಿ ಸಿಕ್ಕಿತು. ಗುದ್ದಲಿಗೆ ಅಂಟಿಕೊಂಡರೆ ಬಿಡದ, ನೀರನ್ನು ಕೆಳಗಿಳಿಯಲು ಬಿಡದ, ಹಳೆಯ ಸಮುದ್ರದ ವಾಸನೆಯ ಜೇಡಿ. ಅದನ್ನು ಊರಾಚೆಯ ತಿಪ್ಪೆಗೆ ಸಾಗಿಸಲು ಲಾರಿಗೆ ಅರ್ಧ ದಿನ ಹಿಡಿಯುತ್ತಿತ್ತು. ಸ್ಮಶಾನವೋ ಹತ್ತಿರ; ಅಲ್ಲಿ ಸೈಪ್ರೆಸ್ ಮರಗಳ ಹಿಂದಿನ ಕೊರಕಲನ್ನು ತುಂಬಿ ಹೊಸ ಸಾಲುಗಳನ್ನು ಮಾಡುತ್ತಿದ್ದರು, ಮಣ್ಣಿದ್ದವರು ತಂದು ಹಾಕಿ ಎಂದಿದ್ದರು. ಇವನ ಲಾರಿಗಳು ಹನ್ನೊಂದು ದಿನ ತಂದು ಹಾಕಿದವು. ಆಗ ಅಲ್ಲಿದ್ದ ಮುದುಕ ಗುಂಡಿತೋಡುವವನೊಬ್ಬ ಒಂದು ಹೆಂಟೆ ಎತ್ತಿ ಮೂಗಿಗೆ ಹಿಡಿದು, “ಇದು ಉಣ್ಣೋ ಮಣ್ಣಲ್ಲ ಯಜಮಾನ್ರೇ. ಇದರಲ್ಲಿ ಇಟ್ಟೋರು ಇಟ್ಟ ಹಾಗೇ ಇರ್ತಾರೆ,” ಎಂದ. “ಸತ್ತವರಿಗೆ ಏನಯ್ಯಾ ಅವಸರ?” ಎಂದು ಇವನು ಅಂದಿದ್ದ. ಲಾರಿಯ ಆಳುಗಳೆಲ್ಲ ನಕ್ಕಿದ್ದರು. ತಾನು ಜೀವನದಲ್ಲಿ ಆಡಿದ ಮಾತುಗಳಲ್ಲಿ ಅಷ್ಟು ಜನ ನಕ್ಕದ್ದು ಅದೊಂದಕ್ಕೇ ಇರಬೇಕು. ಮುದುಕ ಮರುವರ್ಷ ಸತ್ತ. ಅವನನ್ನು ಹಳೆಯ ಭಾಗದಲ್ಲಿ, ಮರಳಿನಲ್ಲಿ ಇಟ್ಟರು.

ಹೊಸ ಸಾಲುಗಳಿಂದ ಎತ್ತಿದ ಹೆಣಗಳು ಕರಗದೆ ಬರತೊಡಗಿದವು. ಕರಗದ ಹೆಣವೆಂದರೆ ಅದೇನು ಸಣ್ಣ ಮಾತೇ? ಯಾರದೋ ಶಾಪ ತಗುಲಿದೆ, ಯಾವುದೋ ಪಾಪ ಒಪ್ಪಿಕೊಳ್ಳದೆ ಉಳಿದಿದೆ, ಮಣ್ಣೇ ಒಲ್ಲೆನೆಂದಿದೆ. ಅಂಥ ಮನೆಯವರು ತಲೆ ತಗ್ಗಿಸಿ ಬೇಲಿಯ ಪಕ್ಕದಿಂದ ಹೊರಗೆ ಹೋಗುತ್ತಾರೆ. ಎಂಬತ್ತೆರಡರಲ್ಲಿ, ಕೆಳಗಿನ ಮಹಡಿಯ ಫೊತಿನಿಯ ಗಂಡನನ್ನು ಎತ್ತಿದ ದಿನ ಇವನೂ ಹೋಗಿದ್ದ; ಗುದ್ದಲಿಯ ಅಲಗಿಗೆ ಅಂಟಿದ ನೀಲಿ ನೋಡಿದ ಕೂಡಲೇ ಅವನಿಗೆ ಎಲ್ಲ ಗೊತ್ತಾಯಿತು. ಕೋಟು ಸಹಿತ ಇಟ್ಟ ಹಾಗೇ ಇದ್ದ ಮನುಷ್ಯನನ್ನು ನೋಡಿ ಅವನ ತಂಗಿಯರು ಫೊತಿನಿಯ ಕಡೆ ತಿರುಗಿದರು. ಫೊತಿನಿ ಮನೆಗೆ ಬಂದು ಗಂಡನ ಹಳೆಯ ಕಾಗದಗಳನ್ನು ಕೆದಕಿದಳು. ಹುಡುಕುವವರಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ, ಕವಾಲ ಎಂಬ ಊರಿನ ಒಬ್ಬ ದರ್ಜಿ ಹೆಂಗಸಿನ ಹೆಸರು ಸಿಕ್ಕಿತು. ಅಂದಿನಿಂದ ಗಂಡನ ಫೋಟೋದ ಮುಂದೆ ದೀಪವಿಲ್ಲ. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಿದರೆ ಒಂದು ಹೆಣದ ಕತೆಯಲ್ಲ, ಆರು ಸಾಲು ಹೆಣಗಳ ಕತೆ, ಎಲ್ಲರೂ ಬಂದು ಕೊರಳಪಟ್ಟಿ ಹಿಡಿಯುತ್ತಾರೆ ಎಂದು ಅವನು ಹೆದರಿದ. ಹೆದರಿಕೆ ಎಂದೂ ಅದಕ್ಕೆ ಹೆಸರಿಡಲಿಲ್ಲ. ನಾಳೆ ಹೇಳೋಣ ಎಂದುಕೊಂಡ. ಆ ಭಾಗಕ್ಕೆ ಜನ ಹಟಮಾರಿಗಳ ಸಾಲು ಎಂದು ಹೆಸರಿಟ್ಟು ತಮಾಷೆ ಮಾಡುವಾಗ ಅವನೂ ಮಾಡಿದ. ಮೂರು ವರ್ಷದ ಹಿಂದೆ ಚಿಕ್ಕಮ್ಮ ತೀರಿಕೊಂಡಾಗ ಮಾತ್ರ ಕಚೇರಿಗೆ ಓಡಿ, ಹಳೆಯ ಭಾಗದಲ್ಲಿ ಒಂದು ಗುಂಡಿ ಕೊಡಿ ಎಂದು ಗೋಗರೆದಿದ್ದ. ಗುಮಾಸ್ತ ತಲೆಯೆತ್ತದೆ, “ಹಳೇ ಭಾಗದಲ್ಲಿ ಜಾಗ ಬೇಕಿದ್ರೆ ಮೂವತ್ತು ವರ್ಷ ಮುಂಚೆ ಸಾಯಬೇಕಿತ್ತು ಸ್ವಾಮಿ. ಹೊಸದಕ್ಕೇನಾಗಿದೆ?” ಎಂದ. ಹೊಸದಕ್ಕೇನಾಗಿದೆ ಎಂದು ಹೇಳಲು ಬಾಯಿ ತೆರೆದವನು, ಏನಿಲ್ಲ, ಎಂದು ಬಂದುಬಿಟ್ಟ.

ಅದಕ್ಕಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದದ್ದು ಭಾನುವಾರಗಳು. ಕಟ್ಟಡ ಎದ್ದ ಮೇಲೆ ಎರಡನೇ ಮಹಡಿಯ ಹಿಂಭಾಗಕ್ಕೆ ಬಂದ ಚಿಕ್ಕಮ್ಮ, ಗಾಳಿಗೆಂದು ಬಿಟ್ಟ ಕಿರುಸಂದಿಯ ಕಡೆಗಿದ್ದ ಅಡಿಗೆಮನೆಯ ಕಿಟಕಿ ತೆರೆದು ಎದುರಿನ ಗೋಡೆಯನ್ನೂ ನೀರಿನ ಕೊಳವೆಗಳನ್ನೂ ನೋಡಿ, “ಬೆಚ್ಚಗಿದೆ ಮಗನೇ,” ಎಂದಿದ್ದಳು ಅಷ್ಟೆ. ಕೇಳಲಿಲ್ಲ. ನಾಲ್ಕನೇ ಮಹಡಿ ಅಂದಿದ್ದೆಯಲ್ಲ ಎಂದು ಅವಳು ಕೇಳುತ್ತಾಳೆಂದು ಅವನು ಹತ್ತು ಉತ್ತರ ಕಟ್ಟಿಟ್ಟುಕೊಂಡಿದ್ದ; ಒಂದೂ ಬಳಕೆಗೆ ಬರಲಿಲ್ಲ. ಪ್ರತಿ ಭಾನುವಾರ ಪೂಜೆ ಮುಗಿಸಿಕೊಂಡು ಒಂದು ತಟ್ಟೆ ಹೂರಣದ ಕಡುಬೋ ಬೇಯಿಸಿದ ಗೋಧಿಯೋ ಹಿಡಿದು ನಾಲ್ಕನೇ ಮಹಡಿಗೆ ಬರುತ್ತಿದ್ದಳು. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಳು. “ಸ್ವಲ್ಪ ಸಮುದ್ರ ನೋಡಿ ಹೋಗ್ತೀನಿ ಥಾಲಿಯಾ,” ಎಂದು ಬಾಲ್ಕನಿಗೆ ಹೋಗಿ ಕೂರುತ್ತಿದ್ದಳು. ಅವಳ ದನಿ ಕೇಳಿದೊಡನೆ ಇವನು ಒಳಕೋಣೆಗೆ ಸೇರಿಕೊಂಡು ನಿದ್ದೆ ಬಂದವನಂತೆ ಬಿದ್ದಿರುತ್ತಿದ್ದ. ಪರದೆಯ ಸಂದಿಯಿಂದ ಅವಳ ಮುಖ ಕಾಣುತ್ತಿತ್ತು, ಏಕೆಂದರೆ ಅವಳು ಕುರ್ಚಿಯನ್ನು ಮನೆಯ ಕಡೆಗೆ ತಿರುಗಿಸಿಕೊಂಡೇ ಕೂರುತ್ತಿದ್ದಳು. ಇದೆಲ್ಲ ನನ್ನದಾಗಬೇಕಿತ್ತಲ್ಲ ಎಂದು ಮನೆಯನ್ನು ಅಳೆಯುತ್ತಿದ್ದಾಳೆ ಎಂದು ಇವನಿಗೆ ಅನ್ನಿಸುತ್ತಿತ್ತು. ಹೀಗೆ ಹನ್ನೆರಡು ವರ್ಷ. ಒಂದು ಭಾನುವಾರ ಥಾಲಿಯಾ, ಕೆಟ್ಟ ಮನಸ್ಸಿನಿಂದಲೂ ಅಲ್ಲ, ನೆಲ ಒರೆಸಿ ಸೊಂಟ ಹಿಡಿದಿತ್ತು, “ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಚಿಕ್ಕಮ್ಮ. ವಾರ ವಾರ ನೋಡೋಕೆ ಅದರಲ್ಲೇನಿದೆ?” ಎಂದಳು. ಒಳಕೋಣೆಯಲ್ಲಿ ಇವನು ಕಣ್ಣು ಮುಚ್ಚಿಕೊಂಡು ಕೇಳಿದ. ಎದ್ದು ಹೊರಗೆ ಬರಲು ಮೂರು ಹೆಜ್ಜೆ ಸಾಕಿತ್ತು. “ಅದೂ ನಿಜವೇ ಅನ್ನು,” ಎಂದು ಚಿಕ್ಕಮ್ಮ ತಟ್ಟೆ ಅಲ್ಲೇ ಬಿಟ್ಟು ಇಳಿದುಹೋದಳು. ಮತ್ತೆ ಮೇಲೆ ಬರಲಿಲ್ಲ.

ಸಮುದ್ರ ಓಡಿಯೇ ಹೋಯಿತು. ದಡ ತುಂಬಿಸಿ ರಸ್ತೆ ಮಾಡಿದರು, ರಸ್ತೆಯಾಚೆ ಮತ್ತೆ ಕಟ್ಟಿದರು. ನಾಲ್ಕನೇ ಮಹಡಿಗೆ ಮೊದಲು ಎರಡು ಕಟ್ಟಡಗಳ ನಡುವೆ ಒಂದು ಅಂಗೈಯಗಲ ನೀರು ಉಳಿದಿತ್ತು, ಎಂಬತ್ತಮೂರರಲ್ಲಿ ಅದೂ ಮುಚ್ಚಿತು. ಎದುರಿನ ಕಟ್ಟಡಕ್ಕೆ ಕೊನೆಯ ಚಪ್ಪಡಿ ಹಾಕಿದ ದಿನ ಥಾಲಿಯಾ ಅತ್ತಳು. ಅವನು ಮಾತ್ರ ಬಾಲ್ಕನಿಯಲ್ಲಿ ನಿಂತು ಎದೆತುಂಬ ಉಸಿರೆಳೆದುಕೊಂಡ. ಕದ್ದ ವಸ್ತುವೇ ಇಲ್ಲವಾದ ಮೇಲೆ ಕಳವು ಎಲ್ಲಿಂದ ಬಂತು? ಆ ಸಂಜೆ ಎಷ್ಟೋ ವರ್ಷಗಳ ಮೇಲೆ ಅವನಿಗೆ ಹಸಿವಾಗಿತ್ತು. ಅದಕ್ಕಾಗಿ ಈಗ, ಬಸ್ಸಿನಿಂದಿಳಿಯುತ್ತ, ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅರೇತಿ ಗೇಟಿನ ಹತ್ತಿರವೇ ನಿಂತಿದ್ದಳು, ಕಪ್ಪು ಬಟ್ಟೆ, ಕೈಯಲ್ಲಿ ಹೊಸ ಮರದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ತಾಯಿಯ ಹೆಸರು ಬರೆಸಿ, ಪುಟ್ಟ ಫೋಟೋ ಅಂಟಿಸಿದ್ದಳು. ಹದಿನೆಂಟು ವರ್ಷದ ಹಿಂದೆ ಜರ್ಮನಿಯಿಂದ ಬಂದವಳು ತಾಯಿಯ ಜೊತೆ ಅದೇ ಎರಡನೇ ಮಹಡಿಯಲ್ಲಿದ್ದು, ಈಗಲೂ ಅಲ್ಲೇ ಇದ್ದಾಳೆ. “ಯಾಕಣ್ಣ ಇಷ್ಟು ಬೆಳ್ಳಗಾಗಿದೀಯ? ಏನೂ ತಿಂದಿಲ್ಲ ಅಲ್ವಾ?” ಎಂದು ಚೀಲದಿಂದ ಬಿಸ್ಕತ್ತು ತೆಗೆದಳು. ಬೇಡವೆಂದರೂ ಬಿಡದೆ ಅವನ ಕೈಗಿತ್ತಳು. ಅವಳ ಹಿಂದೆ ಫೊತಿನಿ ಒಂದು ಕೋಲೂರಿಕೊಂಡು ನಿಂತಿದ್ದಳು; ಎಪ್ಪತ್ತರ ಮೇಲಾದರೂ ಇಂಥ ಯಾವ ದಿನವನ್ನೂ ತಪ್ಪಿಸುವವಳಲ್ಲ. ಪಾದ್ರಿಗೆ ಹತ್ತೂವರೆಗೆ ಇನ್ನೊಂದು ಕಡೆ ಹೋಗಬೇಕಿತ್ತು, ಗಡಿಯಾರ ನೋಡಿಕೊಳ್ಳುತ್ತಿದ್ದ. ಗುಂಡಿತೋಡುವವನ ಹೆಸರು ಜೀಸಿಸ್, ಬಂದು ಐದೇ ವರ್ಷವಾದವನು, ದೊಡ್ಡ ಹೆಗಲಿನ, ಕೆಲಸ ಮಾಡುತ್ತ ಮೆಲ್ಲಗೆ ಗುನುಗುವ ಮನುಷ್ಯ. ಅವನು ಆಗಲೇ ಮೊಣಕಾಲಿನಾಳ ಅಗೆದಿದ್ದ. ಮೇಲಿನದೆಲ್ಲ ತೋಟದ ಕಪ್ಪು ಮಣ್ಣು. ಅದರ ಅಡಿಯಿಂದ ಬರುವ ಪ್ರತಿಯೊಂದು ಗುದ್ದಲಿಯನ್ನೂ ಪ್ರೊದ್ರೊಮೊಸ್ ಉಸಿರು ಹಿಡಿದು ನೋಡುತ್ತ ನಿಂತ. ಕಪ್ಪು, ಕಪ್ಪು, ಕಂದು. ಈ ಸಾಲಿನ ಈ ತುದಿಗೆ ತನ್ನ ಲಾರಿಗಳು ಬಂದಿರಲಿಕ್ಕಿಲ್ಲ, ಹೌದು, ಇಲ್ಲಿ ಇಳಿಜಾರು, ಲಾರಿ ತಿರುಗುತ್ತಿರಲಿಲ್ಲ ಎಂದು ಲೆಕ್ಕ ಹಾಕುತ್ತಿದ್ದಾಗಲೇ ಗುದ್ದಲಿ ಚಪ್ಪರಿಸುವಂಥ ಸದ್ದು ಮಾಡಿತು. ಜೀಸಿಸ್ ಗುನುಗುವುದನ್ನು ನಿಲ್ಲಿಸಿದ. ಅಲಗಿಗೆ ಅಂಟಿದ್ದು ನೀಲಿಯಾಗಿತ್ತು.

“ಸ್ವಲ್ಪ ಹಿಂದೆ ನಿಲ್ಲಿ ತಾಯಿ,” ಎಂದ ಜೀಸಿಸ್. ಹಲಗೆ ಕೊಳೆತು ಕುಸಿದಿತ್ತು. ಅವನು ಬಗ್ಗಿ ಕೈಯಿಂದ ಮಣ್ಣು ಸರಿಸಿದ, ನೋಡಿದ, ತಕ್ಷಣ ಬಿಳಿ ಬಟ್ಟೆ ಕೇಳಿ ಇಸಿದುಕೊಂಡು ಮುಚ್ಚಿದ. ಮುಚ್ಚುವ ಮುಂಚೆ ಪ್ರೊದ್ರೊಮೊಸ್‌ಗೆ ಕಂಡದ್ದು ಒಂದು ತೋಳು, ಕಂದು ಉಣ್ಣೆಯ ಸ್ವೆಟರಿನ ತೋಳು, ಗುಂಡಿ ಹಾಕಿದ್ದು ಹಾಕಿದಂತೆ. ಅದರ ತುದಿಯಲ್ಲಿ ಕೈ. “ಆಗಿಲ್ಲ,” ಎಂದ ಜೀಸಿಸ್, ಯಾರ ಮುಖವನ್ನೂ ನೋಡದೆ. “ಮತ್ತೆ ಮುಚ್ಚಬೇಕು. ಎರಡು ವರ್ಷ ಬಿಟ್ಟು ನೋಡೋಣ.” ಪಾದ್ರಿ ಪುಸ್ತಕದ ಹಾಳೆ ತಿರುವಿ ಬೇರೆ ಪ್ರಾರ್ಥನೆ ಹುಡುಕತೊಡಗಿದ. ಅರೇತಿ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಅಮ್ಮ, ಅಮ್ಮ, ಎಂದಳು. ಜೀಸಿಸ್ ಒಂದು ಹೆಂಟೆ ಎತ್ತಿ ಪ್ರೊದ್ರೊಮೊಸ್ ಕಡೆ ಹಿಡಿದ. “ನೀವು ಕಟ್ಟಡದ ಕೆಲಸದವರಂತಲ್ಲ ಯಜಮಾನ್ರೇ? ಇದೇನು ಮಣ್ಣು ಅಂತ ಹೇಳಿ. ಬೆಟ್ಟದ ಮೇಲೆ ಇಂಥದ್ದು ಹೇಗೆ ಬಂತು ಅಂತ ಐದು ವರ್ಷದಿಂದ ನೋಡ್ತಾ ಇದೀನಿ.” ಹೆಂಟೆಯನ್ನು ಕೈಗೆ ತೆಗೆದುಕೊಂಡ. ತಣ್ಣಗಿತ್ತು. ಹಳೆಯ ಸಮುದ್ರದ ವಾಸನೆ ಹಾಗೇ ಇತ್ತು. ಇದರ ಮೇಲೆ ಅವಳು ನಲವತ್ತು ವರ್ಷ ಮಲ್ಲಿಗೆ ಬೆಳೆದಳು, ಬಟ್ಟೆ ಒಗೆದಳು. “ಗೊತ್ತಾಗಲ್ಲ,” ಎಂದ.

ಫೊತಿನಿ ಅರೇತಿಯ ಬೆನ್ನು ಸವರುತ್ತ ಪಿಸುಗುಟ್ಟಿದಳು. ಅವಳ ಪಿಸುಮಾತು ಎಂದರೆ ಮೂರು ಸಾಲಿನಾಚೆಗೂ ಕೇಳುವಂಥದ್ದು. “ಏನೋ ಮನಸ್ಸಲ್ಲೇ ಇಟ್ಕೊಂಡು ಹೋಗಿದಾಳೆ ಕಣೇ. ಆ ತಮ್ಮ. ಇನ್ನೇನಿರುತ್ತೆ?” ಅರೇತಿ ತಲೆಯಾಡಿಸಿದಳು. ಟರ್ಕಿ ಬಿಟ್ಟು ಓಡಿದ ದಿನ, ಸ್ಮಿರ್ನಾದ ಹಡಗುಕಟ್ಟೆಯ ನೂಕುನುಗ್ಗಲಿನಲ್ಲಿ, ಅಕ್ಕನ ತಲೆಯ ಮೇಲೆ ಗಂಟು, ಹನ್ನೆರಡು ವರ್ಷದ ಪೆಲಾಗಿಯಾಳ ಕೈಯಲ್ಲಿ ನಾಲ್ಕು ವರ್ಷದ ತಮ್ಮ ಯೊರ್ದಾನಿಸ್. ಹಡಗು ಹತ್ತಿ ನೋಡಿದಾಗ ಕೈ ಖಾಲಿ. ಆ ಕತೆಯನ್ನು ಅವರ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. “ಅವಳು ಬಿಟ್ಟದ್ದಲ್ಲ, ಜನ ಬಿಡಿಸಿದ್ದು,” ಎಂದಳು ಅರೇತಿ. “ನನಗೆ ಹೇಳಿ ಏನು ಪ್ರಯೋಜನ? ಅವನು ಕ್ಷಮಿಸಬೇಕಲ್ಲ, ಆ ಮಗು,” ಎಂದಳು ಫೊತಿನಿ. ಆಗ ಅರೇತಿ, ಐವತ್ತೆಂಟು ವರ್ಷದ ಹೆಂಗಸು, ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ತಾನು ಎಂದೂ ನೋಡದ ಆ ಮಾವನನ್ನು ಹೆಸರು ಹಿಡಿದು ಕರೆದಳು. “ಯೊರ್ದಾನಿಸ್ ಮಾಮಾ, ಬಿಟ್ಟುಬಿಡು ಅವಳನ್ನ. ಅವಳೂ ಮಗೂನೇ ಆಗಿದ್ಲು. ಎಪ್ಪತ್ತು ವರ್ಷ ಅತ್ತಿದಾಳೆ, ಸಾಕು ಬಿಟ್ಟುಬಿಡು.” ಬೆಳಗಿನ ಬಿಸಿಲಿನಲ್ಲಿ ಆ ಮಾತು ಸೈಪ್ರೆಸ್ ಮರಗಳತನಕ ಹೋಯಿತು. ಪಕ್ಕದ ಸಾಲಿನಲ್ಲಿ ಹೂವು ಇಡುತ್ತಿದ್ದ ಇಬ್ಬರು ತಿರುಗಿ ನೋಡಿ, ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿಕೊಂಡರು.

ಅವನಿಗೆ ತಡೆಯಲಾಗಲಿಲ್ಲ. ಧೈರ್ಯ ಬಂದದ್ದಲ್ಲ, ವಾಂತಿಯಾಗುವಾಗ ಮನುಷ್ಯ ಧೈರ್ಯಕ್ಕಾಗಿ ಕಾಯುವುದಿಲ್ಲ. “ಅರೇತಿ, ಏಳು. ತಮ್ಮನೂ ಅಲ್ಲ, ಶಾಪನೂ ಅಲ್ಲ. ಇದು ಜೇಡಿ. ಇದರಲ್ಲಿ ಯಾರೂ ಕರಗಲ್ಲ. ಅರವತ್ತಾರರಲ್ಲಿ ನಾನೇ ತಂದು ಸುರಿಸಿದ್ದು, ಹನ್ನೊಂದು ದಿನ. ನಿಮ್ಮ ಮನೆ ಅಡಿಯಿಂದ ಅಗೆದದ್ದು.” ದನಿ ತನ್ನದೇ ಎಂದು ನಂಬಲಾಗಲಿಲ್ಲ. ಫೊತಿನಿಯ ಕಡೆ ತಿರುಗಿದ. “ನಿಮ್ಮವರೂ ಅಷ್ಟೇ. ಅವರದೇನೂ ತಪ್ಪಿಲ್ಲ. ಇದೇ ಮಣ್ಣು.”

ಕೊರಳಪಟ್ಟಿ ಹಿಡಿಯುತ್ತಾರೆಂದು ಕಾದ. ಫೊತಿನಿ ಕೋಲನ್ನು ನೆಲಕ್ಕೆ ಕುಟ್ಟಿದಳು. “ಮಣ್ಣಂತೆ, ಮಣ್ಣು! ನನ್ನ ಗಂಡ ಏನು ಮಾಡಿದ್ದ ಅಂತ ನನಗೆ ಗೊತ್ತಿದೆ ಕಣಪ್ಪ. ಹದಿನಾರು ವರ್ಷದಿಂದ ದೀಪ ಹಚ್ಚಿಲ್ಲ ನಾನು. ನೀನೀಗ ಬಂದು ಮಣ್ಣು ಅಂದ್ರೆ?” ಹೇಳುತ್ತಲೇ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅವಳು ಸಿಟ್ಟಾದದ್ದಲ್ಲ, ಹೆದರಿದ್ದು ಎಂದು ಅವನಿಗೆ ಹೊಳೆಯಿತು. ತಾನು ಹೇಳಿದ್ದು ನಿಜವಾದರೆ ಆ ಹದಿನಾರು ವರ್ಷಗಳನ್ನು ಅವಳು ಎಲ್ಲಿಡಬೇಕು? ಪಾದ್ರಿ ಕೆಮ್ಮಿ, “ದುಃಖದಲ್ಲಿ ಏನೇನೋ ಮಾತು ಬರುತ್ತೆ,” ಎಂದ. ಅರೇತಿ ಮಾತ್ರ ಎದ್ದು ಬಂದು ಅವನ ಎರಡೂ ಕೈಗಳನ್ನು, ಜೇಡಿ ಸಮೇತ, ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿದ್ದರೂ ತುಟಿಯಲ್ಲಿ ಒಂದು ನಗೆಯಿತ್ತು, ಅದು ಚಿಕ್ಕಮ್ಮನ ನಗೆ.

“ಸಾಕಣ್ಣ,” ಎಂದಳು ಮೆಲ್ಲಗೆ. “ಅಮ್ಮನ ಮಾನ ಉಳಿಸೋಕೆ ಅಂತ ಇಷ್ಟು ಜನರೆದುರು ತಪ್ಪನ್ನೆಲ್ಲ ನಿನ್ನ ತಲೆ ಮೇಲೆ ಎಳ್ಕೋತಿದೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಅಮ್ಮನಿಗೆ ಬೇಜಾರಾಗಬಾರದು ಅಂದ್ರೆ ನಿನ್ನ ಬಾಯಲ್ಲಿ ಸುಳ್ಳು ತಾನಾಗೇ ಬರುತ್ತೆ. ಆ ಕಾಗದ ಓದಿದ ಹಾಗೆ.”

“ಯಾವ ಕಾಗದ?”

“ಯಾವುದು ಅಂತೀಯಲ್ಲ! ನಾಲ್ಕನೇ ಮಹಡಿ, ಎದುರು ಭಾಗ, ಸಮುದ್ರದ ಬಾಲ್ಕನಿ. ಜರ್ಮನಿಯಿಂದ ಬಂದ ವಾರವೇ ನಾನು ಕಾಗದ ತೆಗೆದು ನೋಡಿ ಕುಣಿದಾಡಿದ್ದೆ, ಕೋರ್ಟಿಗೆ ಹೋಗ್ತೀನಿ ಅಂತ. ಅಮ್ಮ ನಕ್ಕುಬಿಟ್ಲು. ನೀನು ಓದುವಾಗಲೇ ಅವಳೂ ಓದಿದ್ಲಂತೆ.”

“ಅವಳಿಗೆ ಓದೋಕೆ ಎಲ್ಲಿ ಬರ್ತಿತ್ತು?”

“ಬರೆಯೋಕೆ ಬರ್ತಿರಲಿಲ್ಲ, ಓದೋಕೆ ಬರದೇ ಏನು? ದಿನಾ ಬೆಳಗ್ಗೆ ಪ್ರಾರ್ಥನೆ ಪುಸ್ತಕ ಓದೋಳು. ಮಾತು ಟರ್ಕಿದು, ಅಕ್ಷರ ನಮ್ಮ ಗ್ರೀಕಿಂದೇ ಅಲ್ವಾ? ದೊಡ್ಡಮ್ಮನ ಹತ್ರನೂ ಅಂಥದ್ದೇ ಒಂದು ಪುಸ್ತಕ ಇರಲಿಲ್ವಾ?” ಇತ್ತು. ಅಮ್ಮನ ದಿಂಬಿನಡಿಯಲ್ಲಿ, ಬೆನ್ನು ಹರಿದ, ಮೇಣದ ಕಲೆಗಳ ಪುಸ್ತಕ. ಎಷ್ಟು ಸಲ ಕೈಗೆತ್ತಿಕೊಂಡು, ಅಕ್ಷರ ಗೊತ್ತಿದ್ದೂ ಮಾತು ಗೊತ್ತಾಗದೆ ಮಡಿಸಿಟ್ಟಿದ್ದಾನೆ. “‘ಅಕ್ಕನ ಮಗ, ಮದುವೆ ಆಗಬೇಕಾದೋನು, ಬೆವರು ಸುರಿಸ್ಕೊಂಡು ಓದ್ತಿದ್ದ, ನಿಲ್ಲಿಸೋಕೆ ಮನಸ್ಸಾಗಲಿಲ್ಲ’ ಅಂದ್ಲು. ‘ಸಮುದ್ರ ಇಟ್ಕೊಂಡು ನಾನೇನು ಮಾಡ್ಲಿ’ ಅಂದ್ಲು. ಅವಳಿಗೆ ಸಮುದ್ರ ಕಂಡ್ರೆ ಆಗ್ತಿರಲಿಲ್ಲ ಅಣ್ಣ. ಆ ಹಡಗುಕಟ್ಟೆ ಆದ ಮೇಲೆ ಹೇಗಾಗುತ್ತೆ? ದಡದ ಕಡೆ ಬೆನ್ನು ಹಾಕ್ಕೊಂಡೇ ನಡೆಯೋಳು.”

“ಮತ್ತೆ ಭಾನುವಾರ ಯಾಕೆ ಬರ್ತಿದ್ಲು?” ಪ್ರಶ್ನೆ ಬಾಯಿಂದ ಹೊರಬೀಳುವ ಮುಂಚೆಯೇ ಅವನಿಗೆ ಉತ್ತರ ಗೊತ್ತಾಯಿತು; ಕೇಳದಿದ್ದರೆ ಚೆನ್ನಾಗಿತ್ತು.

“ನಿನ್ನ ನೋಡೋಕೆ,” ಎಂದಳು ಅರೇತಿ. “ಸಮುದ್ರ ಒಂದು ನೆಪ. ನೀನು ಪಾಪ, ವಾರವಿಡೀ ದುಡಿದು ನಿದ್ದೆ ಮಾಡ್ತಿರ್ತಿದ್ದೆ. ‘ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತಿರ್ತಿದ್ದೆ, ಏಳ್ತಾನೇನೋ ಅಂತ,’ ಅನ್ನೋಳು ಅಮ್ಮ.”

ಜೀಸಿಸ್ ಗುದ್ದಲಿಯ ಮೇಲೆ ಗದ್ದವೂರಿ ಪ್ರೊದ್ರೊಮೊಸ್‌ನನ್ನೇ ನೋಡುತ್ತಿದ್ದ. ಸುತ್ತ ನಿಂತವರಲ್ಲಿ ಅವನೊಬ್ಬನೇ ನಂಬಿದ್ದ. ಅದು ಅವನ ಕಣ್ಣಿನಲ್ಲೇ ಕಾಣುತ್ತಿತ್ತು. ಕೈ ಮಾಡಿ ಕರೆದರೆ ಸಾಕು, ಬಂದು, ಹೌದು ತಾಯಿ, ಜೇಡಿಯೇ, ಯಜಮಾನ್ರು ಹೇಳಿದ್ದು ನಿಜ, ಎನ್ನುತ್ತಿದ್ದ. ಬೇಕಾದರೆ ನಾಲ್ಕು ಹೆಜ್ಜೆ ಆಚೆ ಅಗೆದು ಮರಳು ತೋರಿಸುತ್ತಿದ್ದ. ಇನ್ನೊಂದು ಸಲ, ಗಟ್ಟಿಯಾಗಿ, ಅಷ್ಟೆ. ಅರೇತಿ ತನ್ನ ಕರವಸ್ತ್ರದಿಂದ ಅವನ ಬೆರಳುಗಳ ಜೇಡಿಯನ್ನು ಒರೆಸುತ್ತಿದ್ದಳು, ಮಕ್ಕಳಿಗೆ ಒರೆಸಿದ ಹಾಗೆ. ಆ ಕ್ಷಣದಲ್ಲಿ ಅವನ ಎದೆಯೊಳಗೆ ಏನೋ ಸಡಿಲವಾಯಿತು. ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಂಬತ್ತಮೂರರ ಆ ಸಂಜೆ, ಕೊನೆಯ ಅಂಗೈಯಗಲ ನೀರು ಮುಚ್ಚಿದಾಗ ಬಾಲ್ಕನಿಯಲ್ಲಿ ಆದದ್ದೇ ಅದು. ಹೇಳಿಯಾಯಿತಲ್ಲ; ಅವರು ನಂಬಲಿಲ್ಲ; ತಾನೇನು ಮಾಡಲಿ? ಜೀಸಿಸ್‌ನ ಕಡೆಯಿಂದ ಮುಖ ತಿರುಗಿಸಿದ.

“ಬೇಗ ಆಗಲಿ,” ಎಂದ ಪಾದ್ರಿ. “ಹತ್ತಿರದ ಗಂಡಸರು ಯಾರು? ನೀವೇ ತಾನೆ. ಮೊದಲ ಹಿಡಿ ಮಣ್ಣು ನೀವು ಹಾಕಿ, ಕ್ಷಮೆಯ ಮಾತು ಹೇಳಿ. ಮೂರು ಸಲ. ಉಳಿದವರು ನಿಮ್ಮ ಹಿಂದೆ ಹೇಳ್ತಾರೆ.” ಪ್ರೊದ್ರೊಮೊಸ್ ಬಗ್ಗಿ ಒಂದು ಹಿಡಿ ತೆಗೆದುಕೊಂಡ. ಉದುರುವ ಮಣ್ಣಲ್ಲ ಅದು. ಮುಷ್ಟಿ ಬಿಚ್ಚಿದರೂ ಅಂಗೈಗೆ ಅಂಟಿಕೊಂಡಿತ್ತು, ಕೊ‍ಡವಬೇಕಾಯಿತು. ಕೆಳಗೆ ಬಿಳಿ ಬಟ್ಟೆಯ ಮೇಲೆ ಅದು ಬಿದ್ದ ಸದ್ದು ಕೇಳಿಸಿತು. ಅರೇತಿ ಅವನ ತೋಳಿಗೆ ಆತುಕೊಂಡಳು. ಫೊತಿನಿ ಕಣ್ಣೊರೆಸಿಕೊಂಡಳು.

“ಅವಳ ತಪ್ಪುಗಳನ್ನು ದೇವರು ಕ್ಷಮಿಸಲಿ,” ಎಂದ ಪ್ರೊದ್ರೊಮೊಸ್, “ನಾವೂ ಕ್ಷಮಿಸಿದ್ದೇವೆ.” ಎರಡನೇ ಸಲ ಹೇಳಿದ. ಮೂರನೇ ಸಲ ಎಲ್ಲರೂ ಸೇರಿ ಹೇಳುವಾಗ ಅವನ ದನಿಯೇ ಎಲ್ಲರಿಗಿಂತ ಗಟ್ಟಿಯಾಗಿತ್ತು.